ಚಿಂದಿ ಇರುವ ಕ್ರಿಯಾಪದ

ಡ್ಯೂಸ್‌ಬರಿ, ಐವತ್ಮೂರನೇ ಇಸವಿ, ನವೆಂಬರ್.
ಚಿಂದಿ ಗೋದಾಮಿನ ವೆಲ್ಟಾಳಿಗೆ ಕಾಗದ ಬಂತು:
ನಿಮ್ಮ ದಾಖಲೆಗಳನ್ನು ಸ್ಕ್ರೂಟಿನೈಜ್ ಮಾಡಲಾಗುತ್ತಿದೆ.

ಮಾಡಲಾಗುತ್ತಿದೆ.
ಯಾರು ಎಂಬುದಿಲ್ಲ.
ಮಂಜು ಬೀಳುತ್ತಿದೆ ಎಂದ ಹಾಗೆ.

ರಾತ್ರಿ ಶಾಲೆಯ ಗಾರ್ಸೈಡ್ ಮೇಷ್ಟ್ರು
ಕನ್ನಡಕ ಹಣೆಗೇರಿಸಿ ಬಿಡಿಸಿ ಹೇಳಿದರು:
ಬರೀ ನೋಡುವುದಲ್ಲಮ್ಮ ಇದು.
ಬಸ್ಸಿನ ನಂಬರು ನೋಡುತ್ತೀಯಲ್ಲ, ಅದಲ್ಲ.
ಅಂಗಡಿಯವನ ಲೆಕ್ಕ ತಾಳೆ ನೋಡಿದರೆ ಅದು ಚೆಕ್ಕು,
ಇದಲ್ಲ.
ಹತ್ತಿರ ಹಿಡಿದು, ನಂಬದೆ, ಎಳೆ ಎಳೆ ಬಿಡಿಸಿ,
ತಪ್ಪು ಇದ್ದೇ ಇರುತ್ತದೆ ಎಂದುಕೊಂಡು ನೋಡುವುದು.
ಎಲ್ಲಿ, ಒಂದು ವಾಕ್ಯ ಮಾಡು.

ನಾನು ಆಲೂಗಡ್ಡೆಯನ್ನು ಸ್ಕ್ರೂಟಿನೈಜ್ ಮಾಡಿದೆ.

ವ್ಯಾಕರಣ ಸರಿ, ಎಂದರು. ಆದರೆ ಹಾಗೆ ಯಾರೂ ಅನ್ನುವುದಿಲ್ಲ.
ಯಾಕೆ?
ಮೇಷ್ಟ್ರು ಸೀಮೆಸುಣ್ಣ ತಿರುಗಿಸುತ್ತ ಯೋಚಿಸಿದರು.
ಈ ಪದಕ್ಕೆ ಒಂದು ಮೇಜು ಬೇಕು, ದೀಪ ಬೇಕು,
ಆಚೆ ಬದಿ ಯಾರೋ ಕಾಯುತ್ತ ಕೂತಿರಬೇಕು.

ಆಮೇಲೆ, ಗಂಟೆ ಹೊಡೆಯುವಾಗ, ಹಾಗೇ ನೆನಪಾಗಿ:
ಬೇರು ಲ್ಯಾಟಿನ್ನಿನದು. ಬುಡದಲ್ಲಿ ಚಿಂದಿ ಇದೆ ಅನ್ನುತ್ತಾರೆ.
ಹರುಕು ಬಟ್ಟೆಯ ರಾಶಿಯನ್ನೂ ಬಿಡದೆ ತಡಕುವುದು.
ತರಗತಿ ಗೊಳ್ಳೆಂದಿತು. ಅರ್ಧ ತರಗತಿ ಚಿಂದಿಯವರೇ,
ಲಿಥುವೇನಿಯಾದವರು, ಉಕ್ರೇನಿನವರು,
ತೊಳೆದರೂ ಹುಬ್ಬಿನಲ್ಲಿ ಉಳಿದ ನೀಲಿ ಧೂಳಿನವರು.
ವೆಲ್ಟಾ ನಗಲಿಲ್ಲ.
ತನ್ನ ಹೆಬ್ಬೆರಳು ನೋಡಿಕೊಂಡಳು.

ನಮ್ಮ ನುಡಿಯಲ್ಲಿ ಇದಕ್ಕೊಂದು ನದಿ ಇದೆ.
ಕೂಲಂಕಷ: ದಡವನ್ನು ಉಜ್ಜಿಕೊಂಡು ಹರಿಯುವಂಥದು.
ನಾಮಪತ್ರದ ಸ್ಕ್ರೂಟಿನಿಗೆ ಕೂತವರು ದಿನಕ್ಕೆ ಹತ್ತು ಸಲ ಬರೆದರೂ
ಅವರ ಕಾಲು ಒದ್ದೆಯಾಗುವುದಿಲ್ಲ.
ಡ್ಯೂಸ್‌ಬರಿಯಲ್ಲಿ ಹರಿಯುವುದು ಕಾಲ್ಡರ್.
ಅಂದು ಯಾವ ಬಣ್ಣದ ಕಡಾಯಿ ಬಸಿದರೋ ಆ ಬಣ್ಣದಲ್ಲಿ
ಎರಡೂ ದಡ ತಿಕ್ಕುತ್ತ ಹೋಗುತ್ತದೆ,
ಯಾರ ಕಾಗದವನ್ನೂ ಕೇಳದೆ.

ಬೆಳಿಗ್ಗೆ ಏಳಕ್ಕೆ ಗೋಣಿ ಬಿಚ್ಚುತ್ತಾರೆ.
ಸತ್ತವರ ಕೋಟು, ಸಿಪಾಯಿಯ ಕಾಲುಚೀಲ, ಪಾದ್ರಿಯ ಒಳಅಂಗಿ.
ಕಣ್ಣನ್ನು ನಂಬಬೇಡ, ಅದಕ್ಕೆ ಬಣ್ಣದ ಚಪಲ,
ಎಂದು ಮೊದಲ ದಿನವೇ ಹೇಳಿಕೊಟ್ಟವಳು ಎಡ್ನಾ.
ಹೆಬ್ಬೆರಳು ತೋರುಬೆರಳ ನಡುವೆ ಒಂದೇ ಉಜ್ಜು.
ಉಣ್ಣೆ.
ಉಣ್ಣೆ, ಹತ್ತಿ ಬೆರೆತದ್ದು.
ಉಣ್ಣೆಯೇ, ಆದರೆ ಎರಡನೇ ಜನ್ಮದ್ದು:
ಒಮ್ಮೆ ಚಿಂದಿಯಾಗಿ, ಯಂತ್ರದ ಹಲ್ಲಿಗೆ ಸಿಕ್ಕಿ, ಮತ್ತೆ ನೂಲಾಗಿ
ಮತ್ತೆ ಕೋಟಾಗಿ ಮಾನ ಉಳಿಸಿಕೊಂಡದ್ದು.
ಎಳೆ ಗಿಡ್ಡ. ಬೆರಳಿಗೆ ಸುಳ್ಳು ಹೇಳಲಾರದು.
ಗುಂಡಿ ಈ ಡಬ್ಬಿಗೆ. ಹೊಲಿಗೆ ಆ ಬುಟ್ಟಿಗೆ.

ಡಿಸೆಂಬರಿನಲ್ಲಿ ಲೀಡ್ಸ್‌ಗೆ ಕರೆದರು.
ಮೇಜು ಇತ್ತು. ದೀಪ ಇತ್ತು.
ಮಾಡಲಾಗುತ್ತಿದೆ ಎಂಬುದಕ್ಕೆ ಒಬ್ಬ ಮನುಷ್ಯನೂ ಇದ್ದ,
ನೆಗಡಿಯಾಗಿತ್ತು ಅವನಿಗೆ.
ಹುಟ್ಟೂರಿನ ಹೆಸರು ಒಂದೊಂದು ಕಾಗದದಲ್ಲಿ ಒಂದೊಂದು ಥರ ಇದೆಯಲ್ಲ?
ಊರು ಒಂದೇ, ಎಂದಳು. ಬಂದ ಸೈನ್ಯಗಳು ಬೇರೆ ಬೇರೆ.
ಬರೆದುಕೊಂಡ.
ಬರೆಯುವಾಗ ಅವನ ತೋಳು ದೀಪದ ಕೆಳಗೆ ಬಂತು.

ಬೂದು ಕೋಟು, ಚೆನ್ನಾಗಿ ಇಸ್ತ್ರಿಯಾದದ್ದು.
ಮೊಣಕೈ ಹತ್ತಿರ ಎದ್ದ ಜೂಲು.
ಎಳೆ ಗಿಡ್ಡ.
ಬೂದಿಯ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು ಕೂದಲೆಳೆ,
ಯಾರೋ ಸರಿಯಾಗಿ ಆರಿಸಿಲ್ಲ. ಸೋಮವಾರದ ಕೆಲಸ.
ಬಹುಶಃ ತನ್ನದೇ.

ಮೇಜಿನ ಕೆಳಗೆ ಅವಳ ಎರಡು ಬೆರಳು
ಗಾಳಿಯನ್ನು ಉಜ್ಜಿ ನೋಡುತ್ತಿದ್ದವು.

ಉದ್ಯೋಗ? ಎಂದ.

ಕಲಿತ ಪದವನ್ನು ನಿಧಾನ, ನಾಲಿಗೆ ಜಾರದಂತೆ, ಹೇಳಿದಳು:
ನಾನು ಸ್ಕ್ರೂಟಿನೈಜ್ ಮಾಡುತ್ತೇನೆ.

ಏನನ್ನು ಎಂಬುದು ಈಗ ಬರುತ್ತದೆಂದು
ಪೆನ್ನು ಎತ್ತಿ ಹಿಡಿದು
ಆತ ಕಾಯುತ್ತ ಕೂತ.